ಪ್ರಕ್ಷೇಪ ತೂಗಿ ಸೂತ್ರ ಹಿಡಿಯುವುದು

ಹುಡುಗರಿಗೆ ನಾನು ಮೊದಲು ಕೊಡುವ ಲವಣ ಮೆಗ್ನೀಸಿಯಂ ಸಲ್ಫೇಟಿನ ಹರಳು. ಸೂತ್ರ MgSO₄·xH₂O. ಒಂದು MgSO₄ ಜೊತೆ ಎಷ್ಟು ನೀರಿನ ಅಣುಗಳಿವೆ ಎಂಬುದೇ x; ಅದು ಎಷ್ಟೆಂದು ಅವರೇ ಕಂಡುಹಿಡಿಯಬೇಕು. ದಾರಿ ಇದು: ಹರಳಿನ ಸಲ್ಫೇಟನ್ನೆಲ್ಲ ಬೇರಿಯಂ ಜೊತೆ ಸೇರಿಸಿ, ನೀರಿನಲ್ಲಿ ಕರಗದ ಬಿಳಿ ಬೇರಿಯಂ ಸಲ್ಫೇಟ್ (BaSO₄) ಮಾಡಿ ಕೆಳಗಿಳಿಸಿ ತೂಗುವುದು. ಹೀಗೆ ದ್ರಾವಣದಿಂದ ಕೆಳಗಿಳಿಯುವ ಘನವೇ ಪ್ರಕ್ಷೇಪ. ಪುಸ್ತಕದಲ್ಲಿ ಏಳು ಅಂತಿದೆ ಎನ್ನುವವರಿಗೆ, ‘ಇರಲಿ, ನಿನ್ನ ತಕ್ಕಡಿ ಏನು ಹೇಳುತ್ತದೆ ನೋಡೋಣ’ ಎನ್ನುತ್ತೇನೆ.

0.616 ಗ್ರಾಂ ಹರಳು ತೂಗಿ, ಸುಮಾರು 150 ಮಿಲಿ ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ. ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ನಾಲ್ಕೈದು ಹನಿ ಹಾಕಿ. ಆಮ್ಲವಿದ್ದರೆ ಬೇರಿಯಂ ಕಾರ್ಬೊನೇಟ್ ಜೊತೆಗೆ ಕೆಳಗಿಳಿಯುವುದಿಲ್ಲ. ಕುದಿಯುವ ಹತ್ತಿರಕ್ಕೆ ಬಿಸಿ ಮಾಡಿ, ಶೇ 5ರ ಬೇರಿಯಂ ಕ್ಲೋರೈಡ್ ದ್ರಾವಣವನ್ನು ಕಲಕುತ್ತಾ ಹನಿಹನಿಯಾಗಿ ಬಿಡಿ. 15 ಮಿಲಿ ಧಾರಾಳವಾಯಿತು. ಬೇರಿಯಂ ಕ್ಲೋರೈಡ್ ವಿಷ, ಪಿಪೆಟ್ಟಿಗೆ ಬಾಯಿ ಹಚ್ಚಬೇಡಿ.

ಇಲ್ಲಿ ಅವಸರ ಮಾಡಿದರೆ ಮುಂದಿನದೆಲ್ಲ ಹಾಳು. ಒಮ್ಮೆಲೇ ಸುರಿದರೆ ಬೇರಿಯಂ ಸಲ್ಫೇಟ್ ಹಿಟ್ಟಿನಷ್ಟು ನುಣ್ಣಗೆ ಬಂದು ಸೋಸುಕಾಗದದ ಮೂಲಕವೇ ಇಳಿದುಹೋಗುತ್ತದೆ. ನಿಧಾನವಾಗಿ ಹಾಕಿ, ಆಮೇಲೆ ಒಂದು ಗಂಟೆ ಬಿಸಿಯಲ್ಲೇ ಇಡಿ, ಕಣಗಳು ದಪ್ಪವಾಗಲಿ. ಮೇಲಿನ ತಿಳಿಗೆ ಇನ್ನೊಂದು ಹನಿ ಬೇರಿಯಂ ಕ್ಲೋರೈಡ್ ಬಿಟ್ಟಾಗ ಬಿಳಿ ಮೂಡದಿದ್ದರೆ ಸಲ್ಫೇಟ್ ಮುಗಿಯಿತು.

ಬೂದಿ ಉಳಿಯದ, ಸಣ್ಣ ರಂಧ್ರದ ಕಾಗದದಲ್ಲಿ ಸೋಸಿ, ಬಿಸಿನೀರಿನಲ್ಲಿ ತೊಳೆಯಿರಿ. ಸೋಸಿ ಬಂದ ನೀರಿಗೆ ಸಿಲ್ವರ್ ನೈಟ್ರೇಟ್ ಹಾಕಿದರೆ ಮಸುಕಾಗಬಾರದು, ಅಲ್ಲಿಯವರೆಗೆ; ಮಸುಕಾದರೆ ಕ್ಲೋರೈಡ್ ಇನ್ನೂ ಉಳಿದಿದೆ. ಕಾಗದವನ್ನು ಪ್ರಕ್ಷೇಪದ ಸಮೇತ ಮೂಸೆಯಲ್ಲಿ (ಬೆಂಕಿ ತಾಳುವ ಪುಟ್ಟ ಬಟ್ಟಲು) ಗಾಳಿಯಾಡುವಂತೆ ಮೆಲ್ಲಗೆ ಸುಡಿ; ಗಾಳಿ ಸಾಲದಿದ್ದರೆ ಇಂಗಾಲವು ಸಲ್ಫೇಟನ್ನು ಸಲ್ಫೈಡ್ ಮಾಡಿಬಿಡುತ್ತದೆ. ಚೆನ್ನಾಗಿ ಕಾಯಿಸಿ, ಆರಿಸಿ, ತೂಗಿ. ಎರಡು ಸಲದ ತೂಕ ಒಂದೇ ಬರುವತನಕ ಬಿಡಬೇಡಿ.

ಈಗ ಲೆಕ್ಕ. ಪ್ರಕ್ಷೇಪ 0.580 ಗ್ರಾಂ ಬಂತೆನ್ನಿ. BaSO₄ನ ಮೋಲಾರ್ ರಾಶಿ, ಅಂದರೆ ಒಂದು ಮೋಲ್‌ನ ತೂಕ, 233.4 ಗ್ರಾಂ; ಅದರಿಂದ ಭಾಗಿಸಿದರೆ 0.002485 ಮೋಲ್. ಎರಡರಲ್ಲೂ ಸಲ್ಫೇಟ್ ಒಂದೊಂದೇ, ಹಾಗಾಗಿ ಹರಳಿನಲ್ಲಿದ್ದ MgSO₄ ಕೂಡ ಅಷ್ಟೇ ಮೋಲ್. ಅದನ್ನು MgSO₄ನ ಮೋಲಾರ್ ರಾಶಿ 120.4ರಿಂದ ಗುಣಿಸಿದರೆ 0.299 ಗ್ರಾಂ. ಉಳಿದ 0.317 ಗ್ರಾಂ ನೀರು, 18ರಿಂದ ಭಾಗಿಸಿದರೆ 0.0176 ಮೋಲ್. ನೀರಿಗೂ MgSO₄ಗೂ ಅನುಪಾತ 7.1. ಏಳು ಎಂದು ಬರೆಯಿರಿ.

ಆದರೆ ಹತ್ತಿರದ ಪೂರ್ಣಾಂಕಕ್ಕೆ ಎಳೆಯುವ ಚಟ ಅಪಾಯದ್ದು. ಅದೇ ಪ್ರಕ್ಷೇಪದಲ್ಲಿ 20 ಮಿಲಿಗ್ರಾಂ ಸೋರಿ 0.560 ಉಳಿದಿದ್ದರೆ x 7.6 ಆಗುತ್ತದೆ, ಏಳೋ ಎಂಟೋ ಹೇಳಲಾಗದು. ನೀರನ್ನು ನಾವು ತೂಗಿಲ್ಲ, ಕಳೆದು ಪಡೆದಿದ್ದೇವೆ. ಹಾಗಾಗಿ ತಪ್ಪೆಲ್ಲ ಅದರ ಪಾಲಿಗೇ ಬೀಳುತ್ತದೆ. x ಜಾಸ್ತಿ ಬಂದರೆ ಪ್ರಕ್ಷೇಪ ಎಲ್ಲೋ ಹೋಗಿದೆ. ಬೀಕರಿನ ಗೋಡೆ ನೋಡಿ, ಸೋಸಿದ ನೀರು ಮಬ್ಬಾಗಿದೆಯೇ ನೋಡಿ. ಕಡಿಮೆ ಬಂದರೆ ತೊಳೆದದ್ದು ಸಾಲದು, ಇಲ್ಲವೇ ಹರಳು ಮೊದಲೇ ಒಣಗಿ ನೀರು ಬಿಟ್ಟಿದೆ. ಕರಗಿ ಹೋಗಿರಬಹುದೆಂಬ ನೆಪ ನಡೆಯದು: ಒಂದು ಲೀಟರ್ ನೀರಿನಲ್ಲಿ ಬೇರಿಯಂ ಸಲ್ಫೇಟ್ ಕರಗುವುದು ಎರಡು ಮೂರು ಮಿಲಿಗ್ರಾಂ ಮಾತ್ರ.

ಅನುಮಾನ ಉಳಿದರೆ ಬೇರೆ ಹರಳು ತೂಗಿ, ಮೂಸೆಯಲ್ಲಿ ನೀರೆಲ್ಲ ಹೋಗುವಂತೆ ಕಾಯಿಸಿ. x ಏಳೇ ಆಗಿದ್ದರೆ ತೂಕದಲ್ಲಿ ಶೇ 51ರಷ್ಟು ಇಳಿಯಬೇಕು.