ಬುಟ್ಟಿಯೊಳಗೆ ಒಂದು ರಾತ್ರಿ: ಹೋಮರ್ ಪಾರಿವಾಳ ಸಾಕಲು ಹೊರಟವರಿಗೆ

ಚಿಕ್ಕಬಳ್ಳಾಪುರದಿಂದ ಕೆ.ಆರ್. ಮಾರುಕಟ್ಟೆಗೆ ಹೂವು ಸಾಗಿಸುವ ಟೆಂಪೊ ನನ್ನದಾಗಿತ್ತು. ರಾತ್ರಿ ತುಂಬಿಕೊಂಡು ಬರುತ್ತಿದ್ದ ಗಾಡಿ ಬೆಳಗಿನ ಜಾವ ಖಾಲಿಯಾಗಿ ಹಿಂದಿರುಗುತ್ತಿತ್ತು. ಆ ಖಾಲಿ ಗಾಡಿಯಿಂದಲೇ ನನಗೆ ಹೋಮರ್ ಪಾರಿವಾಳದ, ಅಂದರೆ ದೂರದಲ್ಲಿ ಬಿಟ್ಟರೂ ತನ್ನ ಮನೆಗೇ ಮರಳುವ ಪಂದ್ಯದ ಹಕ್ಕಿಯ ಹುಚ್ಚು ಹತ್ತಿತು. ಚಾಮರಾಜಪೇಟೆಯ ಮನೆಯ ತಾರಸಿಯಿಂದ ಎರಡು ಬುಟ್ಟಿ ಇಳಿಸಿಕೊಂಡು ಹೊರಟರೆ ಹೊತ್ತು ಮೂಡುವ ವೇಳೆಗೆ ಚಿಕ್ಕಬಳ್ಳಾಪುರ. ಅಲ್ಲಿ ಬುಟ್ಟಿಯ ಬಾಗಿಲು ತೆರೆದು, ಇಡ್ಲಿ ತಿಂದು, ಕಾಫಿ ಕುಡಿದು, ಹೂವಿನವರ ಹತ್ತಿರ ನಿನ್ನೆಯ ಲೆಕ್ಕ ಮುಗಿಸುವಷ್ಟರಲ್ಲಿ ಹಕ್ಕಿಗಳು ಮನೆ ಸೇರಿರುತ್ತಿದ್ದವು. ಪಂದ್ಯದ ಹಕ್ಕಿ ಸಾಕುವವರ ಕೈ ಸುಡುವುದು ಕಾಳಿನ ಖರ್ಚಲ್ಲ, ಈ ತರಬೇತಿಯ ಓಡಾಟ. ನನಗೆ ಅದು ಬಿಟ್ಟಿಯಾಗಿ ಸಿಕ್ಕಿತ್ತು. ನಿಮಗೆ ಸಿಗುವುದಿಲ್ಲ, ಆದ್ದರಿಂದ ಬೈಕಿನ ಹಿಂದೆ ಬುಟ್ಟಿ ಕಟ್ಟಲು ಒಂದು ಗಟ್ಟಿ ಕ್ಯಾರಿಯರ್ ಮೊದಲೇ ಹಾಕಿಸಿಕೊಳ್ಳಿ.

ಹಕ್ಕಿ ಕೊಳ್ಳುವಾಗ ಹೊಸಬರೆಲ್ಲ ಒಂದೇ ತಪ್ಪು ಮಾಡುತ್ತಾರೆ. ನಾನೂ ಮಾಡಿದೆ. ಹಿಂದಿನ ವರ್ಷ ಪಂದ್ಯ ಗೆದ್ದ ಗಂಡು ಎಂದು ಒಂದನ್ನು ತಂದು, ಎರಡು ತಿಂಗಳು ಗೂಡಿನಲ್ಲಿಟ್ಟು, ಹೊಂದಿಕೊಂಡಿದೆ ಎಂದು ನಂಬಿ ಬಿಟ್ಟೆ. ತಾರಸಿಯ ಮೇಲೆ ಅರ್ಧ ಸುತ್ತು ಹೊಡೆದು ಹಳೆಯ ಯಜಮಾನನ ಮನೆಗೆ ಹೋಯಿತು. ಅವನು ಫೋನ್ ಮಾಡಿ ನಕ್ಕ. ಹೋಮರ್ ಎಂಬ ಹೆಸರಿನಲ್ಲೇ ಉತ್ತರ ಇತ್ತು. ದೊಡ್ಡ ಹಕ್ಕಿ ಕೊಂಡರೆ ಅದನ್ನು ಮರಿ ಮಾಡಿಸಲು ಮಾತ್ರ ಇಟ್ಟುಕೊಳ್ಳಿ, ಹೊರಗೆ ಬಿಡಲೇಬೇಡಿ. ಹಾರಿಸುವುದಕ್ಕೆ ಬೇಕಾದದ್ದು ನಾಲ್ಕು ವಾರದ ಮರಿ. ತಾನಾಗಿ ಕಾಳು ತಿನ್ನಲು ಕಲಿತಿರಬೇಕು, ಆದರೆ ಇನ್ನೂ ಆಕಾಶ ನೋಡಿರಬಾರದು. ಅಂಥ ಮರಿ ಮೊದಲು ಯಾವ ಛಾವಣಿಯಿಂದ ಲೋಕ ನೋಡುತ್ತದೆಯೋ ಅದೇ ಅದರ ಊರು.

ಗೂಡಿಗೆ ಅಂದಚಂದ ಬೇಡ. ಇಪ್ಪತ್ತು ಹಕ್ಕಿಗೆ ಎಂಟಡಿ ಉದ್ದ, ಆರಡಿ ಅಗಲ, ನೀವು ನೆಟ್ಟಗೆ ನಿಲ್ಲುವಷ್ಟು ಎತ್ತರ ಸಾಕು. ಮುಖ ಪೂರ್ವಕ್ಕಿರಲಿ, ನೆಲ ಇಟ್ಟಿಗೆಯ ಮೇಲೆ ಒಂದಡಿ ಎದ್ದಿರಲಿ. ಒಳಗೆ ಗಾಳಿಯಾಡಬೇಕು, ಆದರೆ ನೇರವಾಗಿ ಬೀಸಬಾರದು. ಇಲಿ, ಬೆಕ್ಕು ನುಸುಳದಂತೆ ಅರ್ಧ ಇಂಚಿನ ಜಾಲರಿ ಹೊಡೆಯಿರಿ. ಒಳಬರುವ ಕಿಂಡಿಗೆ ಮೇಲಿಂದ ತೂಗುಬಿಟ್ಟ ತಂತಿಗಳಿರುತ್ತವೆ. ಇವನ್ನು ಬಾಬ್ ಎನ್ನುತ್ತೇವೆ. ಹಕ್ಕಿ ತಲೆಯಿಂದ ತಳ್ಳಿದರೆ ಒಳಕ್ಕೆ ಸರಿಯುತ್ತವೆ, ಹೊರಕ್ಕೆ ಬಿಡುವುದಿಲ್ಲ. ಹಿಕ್ಕೆಯನ್ನು ದಿನವೂ ಕೆರೆದು ತೆಗೆಯಬೇಕು, ಮೂಗಿಗೆ ಮಾಸ್ಕ್ ಕಟ್ಟಿಕೊಂಡೇ ತೆಗೆಯಬೇಕು. ಗರಿಯ ಹುಡಿ, ಒಣಗಿದ ಹಿಕ್ಕೆಯ ಧೂಳು ವರ್ಷಾನುಗಟ್ಟಲೆ ಒಳಗೆ ಹೋದರೆ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ ಬರಬಹುದು. ಪಾರಿವಾಳದವರ ಪುಪ್ಪುಸ ಎಂದೇ ಅದನ್ನು ಕರೆಯುತ್ತಾರೆ. ಮನೆಯಲ್ಲಿ ಉಬ್ಬಸದವರಿದ್ದರೆ ಈ ಹವ್ಯಾಸಕ್ಕೆ ಕೈ ಹಾಕುವ ಮುನ್ನ ಎರಡು ಸಲ ಯೋಚಿಸಿ.

ಜೋಡಿ ಕೂಡಿದ ಮೇಲೆ ಹೆಣ್ಣು ಎರಡು ಮೊಟ್ಟೆ ಇಡುತ್ತದೆ. ಒಂದು ಇಟ್ಟು ಎರಡನೆಯದಕ್ಕೆ ಹೆಚ್ಚುಕಡಿಮೆ ಎರಡು ದಿನ ತೆಗೆದುಕೊಳ್ಳುತ್ತದೆ. ಗಂಡು, ಹೆಣ್ಣು ಸರದಿಯ ಮೇಲೆ ಕಾವು ಕೂರುತ್ತವೆ. ಹದಿನೇಳು, ಹದಿನೆಂಟು ದಿನಕ್ಕೆ ಮರಿ. ಮೊದಲ ವಾರ ಮರಿಗೆ ಸಿಗುವುದು ತಂದೆತಾಯಿಯರಿಬ್ಬರೂ ಗಂಟಲಚೀಲದಿಂದ ಕಕ್ಕುವ ಹಾಲು. ಆರರಿಂದ ಎಂಟನೆಯ ದಿನದೊಳಗೆ ಕಾಲಿಗೆ ಉಂಗುರ ಹಾಕಬೇಕು: ಮುಂದಿನ ಮೂರು ಬೆರಳು ಒಟ್ಟಿಗೆ ಹಿಡಿದು ತೂರಿಸಿ, ಹಿಂದಿನ ಬೆರಳನ್ನು ಮೆಲ್ಲಗೆ ಹೊರಗೆಳೆಯಿರಿ. ಇದಕ್ಕೆ ಬೆಸುಗೆ ಇರುವುದಿಲ್ಲವಾದ್ದರಿಂದ ಎರಡು ದಿನ ತಡ ಮಾಡಿದರೆ ಪಾದ ಹಿಡಿಸುವುದಿಲ್ಲ. ಉಂಗುರವಿಲ್ಲದ ಹಕ್ಕಿಗೆ ಪಂದ್ಯವೂ ಇಲ್ಲ.

ಕಾಳಿನ ವಿಷಯದಲ್ಲಿ ಒಬ್ಬೊಬ್ಬರದು ಒಂದೊಂದು ವೇದ. ನಾನು ಜೋಳ, ಮೆಕ್ಕೆಜೋಳ, ಸಜ್ಜೆ, ಗೋಧಿ, ಹೆಸರುಕಾಳು, ಒಣಬಟಾಣಿ ಬೆರೆಸುತ್ತೇನೆ. ಹಕ್ಕಿಯೊಂದಕ್ಕೆ ದಿನಕ್ಕೆ ಸುಮಾರು 30 ಗ್ರಾಂ. ಮರಿ ಸಾಕುವಾಗ, ಗರಿ ಉದುರುವಾಗ ಕಾಳಿನಲ್ಲಿ ದ್ವಿದಳ ಹೆಚ್ಚಿರಲಿ. ದೂರದ ಪಂದ್ಯಕ್ಕೆ ನಾಲ್ಕು ದಿನ ಮೊದಲು ಮೆಕ್ಕೆಜೋಳ ಹೆಚ್ಚಿಸಿ, ಮೇಲೆ ಒಂದು ಹಿಡಿ ಶೇಂಗಾ ಉದುರಿಸಿ. ಇಟ್ಟಿಗೆಪುಡಿ, ಚಿಪ್ಪಿನ ಚೂರು, ಇದ್ದಿಲು, ಚಿಟಿಕೆ ಉಪ್ಪು ಬೆರೆಸಿದ ಗ್ರಿಟ್ ಸದಾ ಮುಂದಿರಲಿ, ಅದಿಲ್ಲದೆ ಕಾಳು ಅರಗದು. ಕಾಳು ಹಾಕುವ ಮುಂಚೆ ದಿನವೂ ಒಂದೇ ಸದ್ದು ಮಾಡಿ. ನಾನು ಹಳೆಯ ಹಾಲಿನಪುಡಿ ಡಬ್ಬದಲ್ಲಿ ನಾಲ್ಕು ಕಾಳು ಹಾಕಿ ಕುಲುಕುತ್ತೇನೆ. ಪಂದ್ಯದ ದಿನ ಛಾವಣಿಯ ಮೇಲೆ ಕೂತು ಒಳಗೆ ಬರದೆ ಸತಾಯಿಸುವ ಹಕ್ಕಿಯನ್ನು ಇಳಿಸುವುದು ಆ ಡಬ್ಬವೊಂದೇ.

ಹಾರಾಟ ಕಲಿಸುವುದು ಎನ್ನುತ್ತಾರೆ, ವಾಸ್ತವದಲ್ಲಿ ನಾವು ಏನನ್ನೂ ಕಲಿಸುವುದಿಲ್ಲ. ಸೂರ್ಯ, ಭೂಮಿಯ ಕಾಂತಶಕ್ತಿ, ವಾಸನೆ ಎಲ್ಲವನ್ನೂ ಅವು ಬಳಸುತ್ತವೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು 2004ರಲ್ಲಿ ಹೇಳಿದ್ದು ಮಾತ್ರ ನನ್ನಂಥ ಗಾಡಿಯವನಿಗೆ ಬಹಳ ಹಿಡಿಸಿತು: ಪರಿಚಿತ ದಾರಿಯಲ್ಲಿ ಪಾರಿವಾಳಗಳು ಕೆಳಗಿನ ಹೆದ್ದಾರಿಯನ್ನೇ ಹಿಡಿದು ಹಾರುತ್ತವೆ, ವೃತ್ತ ಬಂದರೆ ಅಲ್ಲಿ ತಿರುಗುವುದೂ ಉಂಟು. ನಮ್ಮ ತಂಡದ ಹಾದಿಯೂ ಬೆಂಗಳೂರಿನಿಂದ ಉತ್ತರಕ್ಕೆ, ಹೈದರಾಬಾದ್ ಹೆದ್ದಾರಿಯ ನೇರಕ್ಕೇ ಇದೆ. ಆರರಿಂದ ಎಂಟು ವಾರದ ಮರಿ ಗೂಡಿನ ಸುತ್ತ ಅರ್ಧ ಗಂಟೆ ಗುಂಪಾಗಿ ಹಾರತೊಡಗಿದ ಮೇಲೆ ಹೆಬ್ಬಾಳದಿಂದ ಶುರು ಮಾಡಿ, ನಂತರ ಯಲಹಂಕ, ದೇವನಹಳ್ಳಿ. ನಮ್ಮ ತಾರಸಿಗೆ ಆಕಾಶಮಾರ್ಗದಲ್ಲಿ ಚಿಕ್ಕಬಳ್ಳಾಪುರ ಸುಮಾರು 55 ಕಿ.ಮೀ., ಬಾಗೇಪಲ್ಲಿ 94, ಪೆನುಕೊಂಡ 124, ಅನಂತಪುರ 190. ಅಲ್ಲಿಂದಾಚೆ ಕರ್ನೂಲು 320, ಹೈದರಾಬಾದ್ 500, ಗಟ್ಟಿಗರಿಗೆ ನಾಗಪುರ 900ಕ್ಕೂ ಮೇಲೆ. ಪ್ರತಿ ಊರಿನಿಂದ ಎರಡು ಮೂರು ಸಲ ಬಿಟ್ಟು ಮುಂದಕ್ಕೆ ಹೋಗಿ. ಬಿಡುವ ದಿನ ಬೆಳಿಗ್ಗೆ ಕಾಳು ಕೊಡಬೇಡಿ, ನೀರು ಕೊಡಿ. ಹೊಟ್ಟೆ ತುಂಬಿದ ಹಕ್ಕಿ ದಾರಿಯಲ್ಲಿ ಎಲ್ಲೋ ನೀರಿನ ಟ್ಯಾಂಕಿನ ಮೇಲೆ ಕೂತು ಲೋಕಾಭಿರಾಮ ನೋಡುತ್ತಿರುತ್ತದೆ.

ಇಷ್ಟೆಲ್ಲ ಮಾಡಿಯೂ ಹಕ್ಕಿ ಕಳೆದುಕೊಳ್ಳುವುದು ಬುಟ್ಟಿಯಲ್ಲಿ. ಆಕಾಶದಲ್ಲಿ ಸೋತಿತು ಎಂದು ನಾವು ಬೈಯುವ ಎಷ್ಟೋ ಹಕ್ಕಿಗಳು ಹಾರುವ ಮುಂಚೆಯೇ ಸೋತಿರುತ್ತವೆ. ಒಂದು ಮಾರ್ಚ್ ತಿಂಗಳಲ್ಲಿ ಹನ್ನೆರಡು ಹಕ್ಕಿಗಳನ್ನು ತರಕಾರಿಯ ಪ್ಲಾಸ್ಟಿಕ್ ಕ್ರೇಟಿನಲ್ಲಿ ತುಂಬಿ, ಗಾಳಿ ಬಡಿಯುತ್ತದೆ ಎಂದು ಮೇಲೆ ಟಾರ್ಪಾಲು ಹೊದಿಸಿದ್ದೆ. ಓಡುವ ಗಾಡಿಯಲ್ಲಿ ಏನೂ ಗೊತ್ತಾಗಲಿಲ್ಲ. ಬಾಗೇಪಲ್ಲಿ ದಾಟಿ ಟೈರು ಬದಲಿಸಲು ಮುಕ್ಕಾಲು ಗಂಟೆ ಬಿಸಿಲಿನಲ್ಲಿ ನಿಂತೆ. ಟಾರ್ಪಾಲು ಎತ್ತಿದಾಗ ಮೂರು ಸತ್ತಿದ್ದವು, ಉಳಿದವು ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದವು. ಗಾಡಿ ಓಡುವಾಗ ಆಡುವ ಗಾಳಿ ನಿಂತಾಗ ಆಡುವುದಿಲ್ಲ ಎಂಬುದು ಹೂವಿನ ಮೂಟೆಗಳ ವಿಷಯದಲ್ಲಿ ನನಗೆ ಗೊತ್ತಿತ್ತು, ಹಕ್ಕಿಗಳ ವಿಷಯದಲ್ಲಿ ಹೊಳೆಯಲಿಲ್ಲ.

ಆಮೇಲೆ ಬಿದಿರಿನ ಬುಟ್ಟಿ ಹೆಣೆಸಿದೆ: 60 ಸೆಂ.ಮೀ. ಉದ್ದ, 45 ಅಗಲ, 25 ಎತ್ತರ. ಇದಕ್ಕೆ ಎಂಟು ಹಕ್ಕಿ, ಒಂಬತ್ತನೆಯದಕ್ಕೆ ಎಷ್ಟೇ ಆಸೆಯಾದರೂ ಜಾಗವಿಲ್ಲ. ಎತ್ತರ ಹೆಚ್ಚಿದ್ದರೆ ಒಂದರ ಮೇಲೊಂದು ಹತ್ತಿ ಗರಿ ಹಾಳು ಮಾಡಿಕೊಳ್ಳುತ್ತವೆ. ನಾಲ್ಕೂ ಬದಿಗೆ ಕಿಂಡಿಗಳಿರಲಿ, ಮುಚ್ಚಳ ಗಟ್ಟಿಯಿರಲಿ. ಕೆಳಗೆ ರಟ್ಟು, ಅದರ ಮೇಲೆ ಕತ್ತರಿಸಿದ ಭತ್ತದ ಹುಲ್ಲು. ಬರಿಯ ಹಲಗೆಯ ಮೇಲೆ ಕಾಲು ಜಾರಿದರೆ ಹಕ್ಕಿ ಇಡೀ ದಾರಿ ಸಮತೋಲ ಕಾಯುವುದರಲ್ಲೇ ದಣಿಯುತ್ತದೆ. ಗಂಡುಗಳಿಗೆ ಒಂದು ಬುಟ್ಟಿ, ಹೆಣ್ಣುಗಳಿಗೆ ಇನ್ನೊಂದು. ಬೆರೆಸಿದರೆ ಜಗಳ ಮತ್ತು ಪ್ರಣಯ ಎರಡೂ ರಾತ್ರಿಯಿಡೀ ನಡೆಯುತ್ತವೆ. ಬುಟ್ಟಿಗಳ ಸಾಲುಗಳ ನಡುವೆ ಒಂದು ಗೇಣು ಸಂದಿ ಬಿಡಿ. ಡೀಸೆಲ್ ಹೊಗೆ ಒಳಗೆ ಬರುವ ಕಡೆ ಇಡಬೇಡಿ.

ನೀರಿನ ಸಂಗತಿಯನ್ನು ಯಾರೂ ಹೇಳಿಕೊಡುವುದಿಲ್ಲ, ಆದ್ದರಿಂದ ನಾನು ಹೇಳುತ್ತೇನೆ. ದೂರದ ಪಂದ್ಯಕ್ಕೆ ಹಕ್ಕಿ ಲಾರಿಯಲ್ಲಿ ಒಂದೆರಡು ರಾತ್ರಿ ಕಳೆಯಬೇಕು. ಬುಟ್ಟಿಯ ಹೊರಗೆ ತಗುಲಿಸಿದ ದೋಣಿಯಲ್ಲಿ ನೀರು ಇರುತ್ತದೆ, ಕಿಂಡಿಯಿಂದ ಕತ್ತು ಚಾಚಿ ಕುಡಿಯಬೇಕು. ಗೂಡಿನಲ್ಲಿ ಮಣ್ಣಿನ ಬೋಗುಣಿಯಲ್ಲಿ ಕುಡಿದು ಬೆಳೆದ ಮರಿಗೆ ಇದು ತಿಳಿಯುವುದೇ ಇಲ್ಲ. ಮೂರಂಗುಲ ದೂರದಲ್ಲಿ ನೀರಿದ್ದೂ ಬಾಯಾರಿ ಕೂತಿರುತ್ತದೆ. ಅದಕ್ಕೇ ಪಂದ್ಯದ ಕಾಲ ಬರುವ ಮೊದಲು ಮನೆಯಲ್ಲೇ ಮರಿಗಳನ್ನು ಬುಟ್ಟಿಯಲ್ಲಿ ಒಂದು ರಾತ್ರಿ ಮಲಗಿಸಿ, ಜೊತೆಗೊಂದು ಅನುಭವಿ ಹಳೆಯ ಹಕ್ಕಿ ಇರಲಿ. ಅದು ಕುಡಿಯುವುದನ್ನು ನೋಡಿ ಇವು ಕುಡಿಯುತ್ತವೆ. ಹೀಗೆ ಮೂರು ನಾಲ್ಕು ರಾತ್ರಿ ಮಾಡಿದ ಮೇಲೆ ಬುಟ್ಟಿ ಅವಕ್ಕೆ ಭಯವಲ್ಲ, ಮಲಗುವ ಇನ್ನೊಂದು ಜಾಗ.

ಬಿಡುವ ಊರಿಗೆ ತಲುಪಿದೊಡನೆ ಬಾಗಿಲು ತೆರೆಯಬೇಡಿ. ಗಾಡಿ ನಿಲ್ಲಿಸಿ, ಬುಟ್ಟಿ ಇಳಿಸಿ, ನೀರು ಕೊಟ್ಟು ಅರ್ಧ ಗಂಟೆ ಕಾಯಿರಿ. ವಿದ್ಯುತ್ ತಂತಿ ಇಲ್ಲದ ಬಯಲು ಹುಡುಕಿ. ಸೂರ್ಯ ಕಾಣಬೇಕು, ಮಂಜು ಕರಗಿರಬೇಕು. ಒಂದು ಜನವರಿಯಲ್ಲಿ ಹೂವಿನವನು ಅವಸರ ಮಾಡಿದನೆಂದು ನಂದಿಬೆಟ್ಟದ ತಪ್ಪಲಿನ ಮಂಜಿನಲ್ಲೇ ಇಪ್ಪತ್ತು ಹಕ್ಕಿ ಬಿಟ್ಟೆ. ಸಂಜೆಯೊಳಗೆ ಒಂಬತ್ತು ಬಂದವು, ಮರುದಿನ ನಾಲ್ಕು. ಉಳಿದವುಗಳ ಉಂಗುರದ ಸಂಖ್ಯೆಗಳು ನನ್ನ ಹಳೆಯ ಡೈರಿಯಲ್ಲಿ ಇನ್ನೂ ಇವೆ.

ಪಂದ್ಯದಲ್ಲಿ ಮೊದಲು ಮನೆ ಮುಟ್ಟಿದ್ದೇ ಗೆಲ್ಲಬೇಕೆಂದಿಲ್ಲ ಎಂಬುದು ಹೊಸಬರಿಗೆ ತಲೆಗೆ ಹೋಗಲು ಸಮಯ ಬೇಕು. ಪ್ರತಿಯೊಬ್ಬರ ತಾರಸಿಗೂ ದೂರ ಬೇರೆ, ಆದ್ದರಿಂದ ನಿಮಿಷಕ್ಕೆ ಎಷ್ಟು ಮೀಟರ್ ಎಂದು ಲೆಕ್ಕ. ಅನಂತಪುರದಿಂದ 6.45ಕ್ಕೆ ಬಿಟ್ಟರು ಎನ್ನಿ. ಯಲಹಂಕದವನ ಹಕ್ಕಿ 175 ಕಿ.ಮೀ. ಹಾರಿ 9.18ಕ್ಕೆ ಬಂತು: 153 ನಿಮಿಷ, ನಿಮಿಷಕ್ಕೆ 1143 ಮೀಟರ್ ಚಿಲ್ಲರೆ. ನನ್ನದು 190 ಕಿ.ಮೀ. ಹಾರಿ 9.30ಕ್ಕೆ: 165 ನಿಮಿಷ, 1151 ಮೀಟರ್ ಚಿಲ್ಲರೆ. ಅವನು ಹನ್ನೆರಡು ನಿಮಿಷ ಮೊದಲೇ ಸಿಹಿ ಹಂಚಿದರೂ ಗೆದ್ದವನು ನಾನು. ಹಿಂದೆ ಹಕ್ಕಿಯ ಕಾಲಿನ ರಬ್ಬರ್ ಉಂಗುರ ಬಿಚ್ಚಿ ಮುದ್ರೆಯೊತ್ತಿದ ಗಡಿಯಾರದೊಳಗೆ ಹಾಕಿ ಸಮಯ ಅಚ್ಚೊತ್ತುತ್ತಿದ್ದರು. ಈಗ ಚಿಪ್ ಇರುವ ಉಂಗುರ, ಕಿಂಡಿಯ ಹಲಗೆಗೆ ಕಾಲಿಟ್ಟರೆ ದಾಖಲು. ಎರಡರಲ್ಲೂ ಛಾವಣಿಯ ಮೇಲೆ ಕೂತು ಕಳೆದ ಸಮಯ ಲೆಕ್ಕಕ್ಕೆ ಬರುತ್ತದೆ, ಡಬ್ಬದ ಮಾತು ನೆನಪಿರಲಿ. 2020ರಲ್ಲಿ ನ್ಯೂ ಕಿಮ್ ಎಂಬ ಬೆಲ್ಜಿಯಂ ಹೆಣ್ಣು ಹಕ್ಕಿ 16 ಲಕ್ಷ ಯೂರೊಗೆ ಮಾರಾಟವಾಯಿತು. ಆ ಸುದ್ದಿ ಓದಿದ ದಿನ ನನ್ನ ಹೆಂಡತಿ ಮೊದಲ ಬಾರಿಗೆ ತಾನಾಗಿ ಗೂಡು ನೋಡಲು ತಾರಸಿಗೆ ಹತ್ತಿ ಬಂದಳು.

ಕಾಯಿಲೆಗಳಲ್ಲಿ ಕತ್ತು ತಿರುಚುವ ಪ್ಯಾರಾಮಿಕ್ಸೊ ವೈರಸ್ ಕೆಟ್ಟದ್ದು, ಪಶುವೈದ್ಯರನ್ನು ಕಂಡು ಮರಿಗಳಿಗೆ ಲಸಿಕೆ ಹಾಕಿಸಿ. ಸಿಡುಬು ಸೊಳ್ಳೆಯಿಂದ ಬರುತ್ತದೆ, ಮಳೆಗಾಲದಲ್ಲಿ ಪರದೆ ಕಟ್ಟಿ. ಗಿಡುಗಕ್ಕೆ ಮದ್ದಿಲ್ಲ, ಅದೂ ಹೊಟ್ಟೆಗಾಗಿ ಹಾರುತ್ತದೆ, ಕಲ್ಲು ಹೊಡೆಯಬೇಡಿ. ನನಗೆ ಸಿಟ್ಟು ಬರುವುದು ಗಾಳಿಪಟದ ನೈಲಾನ್ ದಾರದ ಮೇಲೆ. ರೆಕ್ಕೆಯ ಬುಡ ಕೊಯ್ದುಕೊಂಡು ರಕ್ತದಲ್ಲಿ ನೆನೆದು ಬಂದ ಹಕ್ಕಿಯನ್ನು ಕೈಯಲ್ಲಿ ಹಿಡಿದವರು ಆ ದಾರವನ್ನು ಅಂಗಡಿಯಲ್ಲಿ ಕಂಡರೂ ಜಗಳ ತೆಗೆಯುತ್ತಾರೆ.

ಪಂದ್ಯದ ಸಂಜೆ ಬಾರದ ಹಕ್ಕಿಗಾಗಿ ಬಾಬ್ ಕಿಂಡಿ ತೆರೆದೇ ಇಡಿ, ಮುಂದೆ ಸ್ವಲ್ಪ ಬೆಳಕಿರಲಿ. ಮೂರನೆಯ ದಿನ ನಡೆದುಕೊಂಡು ಬಂದಂತೆ ಬರುವವೂ ಇವೆ. ಅಂಥದಕ್ಕೆ ಮೊದಲು ಗ್ಲೂಕೋಸ್ ನೀರು, ಒಂದು ಗಂಟೆ ಬಿಟ್ಟು ಒಂದು ಚಮಚ ಸಜ್ಜೆ ಅಥವಾ ರಾಗಿ, ಮೆಕ್ಕೆಜೋಳ ಮರುದಿನಕ್ಕೆ. ಬೇರೆಯವರ ಉಂಗುರದ ಹಕ್ಕಿ ನಿಮ್ಮ ತಾರಸಿಗೆ ಬಿದ್ದರೆ ನಿಮ್ಮವುಗಳ ಜೊತೆ ಸೇರಿಸಬೇಡಿ, ಅದರ ರೋಗ ಇವಕ್ಕೆ ಬರುತ್ತದೆ. ಬೇರೆ ಪಂಜರದಲ್ಲಿ ಎರಡು ದಿನ ನೀರು, ಕಾಳು ಕೊಟ್ಟು, ಮೂರನೆಯ ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ಬಿಟ್ಟುಬಿಡಿ. ಬಿಡುವ ಮೊದಲು ಸಂಖ್ಯೆ ಬರೆದಿಟ್ಟುಕೊಳ್ಳಿ, ಯಾರಾದರೂ ಕೇಳಿಕೊಂಡು ಫೋನ್ ಮಾಡಿಯಾರು.