ಗೋಲ್ಡ್‌ಫಿಶ್ ಮಂಕಾಗಿದೆಯಾ? ಔಷಧಿ ಆಮೇಲೆ, ಮೊದಲು ನೀರು

ಮೀನು ತೊಟ್ಟಿಯ ಮೂಲೆ ಹಿಡಿದು ಕೂತಿದೆ, ರೆಕ್ಕೆ ಮೈಗೆ ಅಂಟಿಸಿಕೊಂಡಿದೆ, ಕಾಳು ಹಾಕಿದರೂ ಮೇಲೆ ಬರುತ್ತಿಲ್ಲ. ಆಗ ಎಲ್ಲರೂ ಮಾಡುವ ಕೆಲಸ ಒಂದೇ, ಅಂಗಡಿಗೆ ಓಡಿ ನೀಲಿ ಔಷಧಿ ತಂದು ಸುರಿಯುವುದು. ನಾನೂ ಸುರಿದವನೇ. ಹೋದ ಮಳೆಗಾಲದಲ್ಲಿ ಫಿಲ್ಟರ್ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು, ಹಿಂಡಿ ಹಿಂಡಿ, ಹೊಸದರಂತೆ ತೊಳೆದಿಟ್ಟೆ. ಮೂರನೇ ದಿನ ಎರಡೂ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ನಾನು ಔಷಧಿ ಹನಿ ಎಣಿಸುತ್ತಾ ನಿಂತಿದ್ದರೆ ಅತ್ತಿಗೆ, "ಮೊದಲು ಆ ನೀರು ಬದಲಾಯಿಸೋ ಮಾರಾಯ, ವಾಸನೆ ಬರ್ತಿದೆ" ಅಂದರು. ಅವರು ಹೇಳಿದ್ದೇ ಸರಿ. ಮೀನಿಗೆ ಯಾವ ರೋಗವೂ ಇರಲಿಲ್ಲ. ಮೀನಿನ ಗಲೀಜನ್ನು ಅರಗಿಸುವ ಬ್ಯಾಕ್ಟೀರಿಯಾ ಆ ಸ್ಪಂಜಿನಲ್ಲೇ ಇರುತ್ತವೆ, ಅವನ್ನು ನಾನೇ ತೊಳೆದು ಚರಂಡಿಗೆ ಕಳಿಸಿದ್ದೆ, ನೀರಿನಲ್ಲಿ ಅಮೋನಿಯಾ ಏರಿತ್ತು ಅಷ್ಟೇ.

ಹಾಗಾಗಿ ಮೊದಲ ದಿನ ಮೂರನೇ ಒಂದು ಭಾಗ ನೀರು ತೆಗೆದು ಹೊಸದು ಹಾಕಿ. ಮಾರನೇ ದಿನ ಮತ್ತೆ ಅಷ್ಟೇ. ಪೂರ್ತಿ ಒಂದೇ ಸಲ ಬೇಡ. ಸ್ಪಂಜು ತೊಳೆಯಲೇಬೇಕಾದರೆ ತೆಗೆದ ಆ ಹಳೇ ನೀರಿನಲ್ಲೇ ಅದ್ದಿ ಒಂದೆರಡು ಸಲ ಹಿಂಡಿದರೆ ಸಾಕು. ಅಮೋನಿಯಾ ಅಳೆಯುವ ಕಿಟ್ ಸಿಕ್ಕರೆ ಒಂದು ತಂದಿಟ್ಟುಕೊಳ್ಳಿ. ಅಮೋನಿಯಾ, ಅದು ಅರಗುವಾಗ ಹುಟ್ಟುವ ನೈಟ್ರೈಟ್, ಎರಡೂ ಸೊನ್ನೆ ಇರಬೇಕು.

ಇನ್ನು ಯಾವ ನೀರು ಹಾಕುವುದು? ಶಿವಮೊಗ್ಗ ಪೇಟೆಯಲ್ಲಿ ನಲ್ಲಿಗೆ ಬರುವುದು ತುಂಗೆ ನೀರು, ಅದಕ್ಕೆ ಕ್ಲೋರಿನ್ ಹಾಕಿರುತ್ತಾರೆ. ಆಂಟಿ ಕ್ಲೋರಿನ್ ಹನಿ ಹಾಕಿ, ಇಲ್ಲವೇ ಬಕೆಟ್‌ನಲ್ಲಿ ಏರ್ ಸ್ಟೋನ್ (ಪಂಪಿನ ಗಾಳಿಯನ್ನು ಗುಳ್ಳೆಯಾಗಿ ಬಿಡುವ ಕಲ್ಲು) ಬಿಟ್ಟು ಒಂದು ದಿನ ಇಟ್ಟು ಬಳಸಿ. ತೀರ್ಥಹಳ್ಳಿ, ಹೊಸನಗರ ಕಡೆ ಬಾವಿ ನೀರು ಅಥವಾ ಗುಡ್ಡದಿಂದ ಪೈಪಿನಲ್ಲಿ ಬರುವ ಅಬ್ಬಿ ನೀರು ಇದ್ದವರಿಗೆ ಕ್ಲೋರಿನ್ ಚಿಂತೆ ಇಲ್ಲ. ಆದರೆ ಆ ನೀರು ಜಾಸ್ತಿ ಮೃದು, ತೊಟ್ಟಿಯಲ್ಲಿ ದಿನ ಕಳೆದಂತೆ ಹುಳಿಯಾಗುತ್ತಾ ಹೋಗುತ್ತದೆ. ಒಂದು ಹಿಡಿ ಕಪ್ಪೆಚಿಪ್ಪನ್ನು ತೊಳೆದು ಬಲೆ ಚೀಲದಲ್ಲಿ ಕಟ್ಟಿ ಒಳಗಿಟ್ಟರೆ ಅದು ಹತೋಟಿಯಲ್ಲಿರುತ್ತದೆ. ಮಳೆಗಾಲದಲ್ಲಿ ಬಾವಿ ನೀರು ಕೊರೆಯುತ್ತದೆ ಬೇರೆ, ಸ್ಟೀಲ್ ಪಾತ್ರೆಯಲ್ಲಿ ಕಾಯಿಸಿದ ಸ್ವಲ್ಪ ಬಿಸಿನೀರು ಬೆರೆಸಿ ತೊಟ್ಟಿ ನೀರಿನಷ್ಟೇ ಹದಕ್ಕೆ ತನ್ನಿ.

ಅಡಿಕೆ ತೋಟದವರು ಇದೊಂದನ್ನು ಮರೆಯಬೇಡಿ. ಕೊಳೆರೋಗಕ್ಕೆ ಮೈಲುತುತ್ತ ಸುಣ್ಣ ಕಲಸಿದ ಬಕೆಟ್, ಡ್ರಮ್, ಪೈಪು ಯಾವುದನ್ನೂ ಮೀನಿನ ಹತ್ತಿರ ತರಬೇಡಿ, ಎಷ್ಟೇ ತೊಳೆದಿದ್ದರೂ ಸರಿ. ಮೈಲುತುತ್ತದಲ್ಲಿರುವ ತಾಮ್ರ ಮೀನಿಗೆ ವಿಷ. ನಮ್ಮ ಮೃದು ನೀರಿನಲ್ಲಿ ಅದರ ಕಾಟ ಇನ್ನೂ ಜಾಸ್ತಿ.

ನೀರು ಸರಿಯಾದ ಮೇಲೂ ಮೀನು ಸುಧಾರಿಸದಿದ್ದರೆ ಟಾರ್ಚ್ ಬಿಟ್ಟು ಪಕ್ಕದಿಂದ ನೋಡಿ. ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆ ಇದ್ದರೆ, ಮೀನು ಕಲ್ಲಿಗೆ ಮೈ ಉಜ್ಜುತ್ತಿದ್ದರೆ ಅದು ಇಚ್ ಎಂಬ ಪರಾವಲಂಬಿ. (ಗಂಡು ಮೀನಿಗೆ ಮೊಟ್ಟೆ ಇಡುವ ಕಾಲದಲ್ಲಿ ಕಿವಿರಿನ ಮುಚ್ಚಳದ ಮೇಲೆ, ಕಿವಿರಿನ ಹಿಂದಿನ ಜೋಡಿ ರೆಕ್ಕೆಯ ಮುಂಚೂಣಿ ಅಂಚಿನಲ್ಲಿ ಬಿಳಿ ಗುಳ್ಳೆ ಬರುತ್ತವೆ, ಅದು ರೋಗ ಅಲ್ಲ.) ಇಚ್‌ಗೆ ಕಲ್ಲುಪ್ಪು ಚೆನ್ನಾಗಿ ಕೆಲಸ ಮಾಡುತ್ತದೆ. ತೊಟ್ಟಿಯ ಉದ್ದ, ಅಗಲ, ನೀರಿನ ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಲೆಕ್ಕ ಸಿಗುತ್ತದೆ. 60, 30, 25 ಅಂದರೆ 45 ಲೀಟರ್. ಲೀಟರಿಗೆ 1 ಗ್ರಾಂ ಲೆಕ್ಕದಲ್ಲಿ 45 ಗ್ರಾಂ ತೂಗಿ, ಮಗ್ಗಿನಲ್ಲಿ ಕರಗಿಸಿ ನಿಧಾನ ಹಾಕಿ. 12 ಗಂಟೆ ಬಿಟ್ಟು ಮತ್ತೆ ಅಷ್ಟು, ಇನ್ನೊಂದು 12 ಗಂಟೆ ಬಿಟ್ಟು ಮತ್ತೆ ಅಷ್ಟು. ಅಲ್ಲಿಗೆ ಲೀಟರಿಗೆ 3 ಗ್ರಾಂ ಆಯಿತು, ಮುಂದೆ ಹೋಗಬೇಡಿ. ಗಿಡಗಳಿದ್ದರೆ ಮೊದಲೇ ಬೇರೆ ಕಡೆ ಇಡಿ. ಉಪ್ಪು ಆವಿಯಾಗಿ ಹೋಗುವುದಿಲ್ಲ, ಆದ್ದರಿಂದ ನೀರು ಬದಲಾಯಿಸಿದಾಗ ತೆಗೆದಷ್ಟು ನೀರಿಗೆ ಮಾತ್ರ ಉಪ್ಪು ಸೇರಿಸಿ.

ಚುಕ್ಕೆ ಮಾಯವಾಯಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ. ಆ ಜೀವಿ ಮೈಯಿಂದ ಉದುರಿ ತಳದಲ್ಲಿ ಮರಿ ಮಾಡುತ್ತದೆ, ಉಪ್ಪು ಕೊಲ್ಲುವುದು ಈಜಾಡುವ ಆ ಮರಿಗಳನ್ನು. ನೀರು ತಣ್ಣಗಿದ್ದಷ್ಟೂ ಅದರ ಸುತ್ತು ನಿಧಾನ. ನಮ್ಮ ಆಷಾಢದ ಚಳಿಗೆ ಎರಡು ವಾರವಾದರೂ ಬೇಕು.

ಹೊಟ್ಟೆ ಉಬ್ಬಿ ಮೀನು ವಾಲಿಕೊಂಡೋ ತಲೆಕೆಳಗಾಗಿಯೋ ತೇಲುತ್ತಿದ್ದರೆ, ಎಷ್ಟೋ ಸಲ ಅದು ತಿಂದದ್ದು ಹೆಚ್ಚಾಗಿ. ಎರಡು ಮೂರು ದಿನ ಉಪವಾಸ ಹಾಕಿ. ಏನೂ ಆಗುವುದಿಲ್ಲ. ಆಮೇಲೆ ಬೆಂದ ಹಸಿ ಬಟಾಣಿಯ ಸಿಪ್ಪೆ ತೆಗೆದು, ಉಗುರಿನಲ್ಲಿ ಚಿವುಟಿ ಸ್ವಲ್ಪ ಕೊಡಿ. ಆದರೆ ಹುರುಪೆಗಳು ಹಲಸಿನ ಕಾಯಿಯ ಮುಳ್ಳಿನಂತೆ ಎದ್ದು ನಿಂತಿದ್ದರೆ ಅದು ಜಲೋದರ. ಸುಮ್ನೆ ಆಸೆ ಹುಟ್ಟಿಸುವುದಿಲ್ಲ, ಆ ಹಂತದಿಂದ ಉಳಿಯುವುದು ಬಹಳ ಕಮ್ಮಿ.

ನೀಲಿ ಔಷಧಿ, ಅಂದರೆ ಮೆಥಿಲೀನ್ ಬ್ಲೂ, ಹಾಕಲೇಬೇಕಾದರೆ ಬೇರೆ ಟಬ್‌ನಲ್ಲಿ ಹಾಕಿ. ದೊಡ್ಡ ತೊಟ್ಟಿಗೆ ಹಾಕಿದರೆ ಫಿಲ್ಟರಿನ ಬ್ಯಾಕ್ಟೀರಿಯಾವೂ ಸಾಯುತ್ತವೆ.

ಮತ್ತೆ ನಮ್ಮ ಕರೆಂಟು. ಗಾಳಿಮಳೆಗೆ ಮರ ಬಿದ್ದು ಲೈನ್ ಹೋದರೆ ಬರುವುದು ಯಾವಾಗ ಅಂತ ಯಾರಿಗೆ ಗೊತ್ತು? ಬ್ಯಾಟರಿ ಏರ್ ಪಂಪ್ ಒಂದು ಮನೆಯಲ್ಲಿರಲಿ. ಇಲ್ಲದಿದ್ದರೆ ಚೊಂಬಿನಲ್ಲಿ ತೊಟ್ಟಿಯ ನೀರನ್ನೇ ಎತ್ತಿ, ಒಂದು ಮೊಳ ಮೇಲಿಂದ ಸುರಿಯುತ್ತಿರಿ. ಅರ್ಧ ಗಂಟೆಗೊಮ್ಮೆ ಹತ್ತು ಹದಿನೈದು ಸಲ ಹಾಗೆ ಮಾಡಿ. ಕರೆಂಟು ಬರುವವರೆಗೆ ಊಟ ಹಾಕಬೇಡಿ.

ಸಾಕಲು ಆಗುತ್ತಿಲ್ಲ ಅಂತ ಕಾಯಿಲೆ ಮೀನನ್ನು ತುಂಗೆಗೆ ಬಿಡುವವರಿದ್ದಾರೆ. ಬೇಡ. ತೀರ್ಥಹಳ್ಳಿಯ ಚಿಪ್ಪಲಗುಡ್ಡೆ ಮತ್ಸ್ಯಧಾಮದ ಮೀನುಗಳೂ ಅದೇ ನೀರಿನಲ್ಲಿವೆ, ಅಲ್ವಾ? ಸತ್ತರೆ ಹಿತ್ತಲಲ್ಲಿ ಬಾಳೆ ಬುಡಕ್ಕೆ ಹೂತುಬಿಡಿ. ಖಾಲಿಯಾದ ಜಾಗಕ್ಕೆ ಹೊಸ ಮೀನು ತಂದರೆ ಎರಡು ವಾರ ಬೇರೆ ಟಬ್‌ನಲ್ಲಿಟ್ಟು, ಆಮೇಲೆ ತೊಟ್ಟಿಗೆ ಬಿಡಿ.