ಸಾವಿರ ಗಜಕ್ಕೆ ನಾನೇ ರೂಪಿಸಿಕೊಂಡ ತೋಟಾ

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ವಿಲಿಯಮ್ಸ್‌ಪೋರ್ಟ್ ಅಂತ ಒಂದು ಊರಿದೆ. ಸಾವಿರ ಗಜದ ಬೆಂಚ್‌ರೆಸ್ಟ್ ಆಟಕ್ಕೆಂದೇ 1967ರಲ್ಲಿ ಅಲ್ಲಿ ಒಂದು ಕ್ಲಬ್ ಶುರುವಾಯಿತು. ಗಟ್ಟಿ ಮೇಜಿನ ಮೇಲೆ ಕೋವಿ ಇಟ್ಟು 914 ಮೀಟರ್ ದೂರದ ಕಾಗದಕ್ಕೆ ಹೊಡೆಯಬೇಕು. ಈಡುಗಳು ಎಷ್ಟು ಒತ್ತಾಗಿ ಬಿದ್ದವು ಅನ್ನುವುದು ಮುಖ್ಯ ಲೆಕ್ಕ. ನಾನು ಕೊಡಗಿನವನು. ಕೈಲ್‌ಪೊದ್ ಹಬ್ಬಕ್ಕೆ ಮರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಈಡು ಹೊಡೆಯುತ್ತ ಬೆಳೆದೆ. ಕೆಲಸಕ್ಕೆಂದು ಈ ಕಡೆ ಬಂದ ಮೇಲೆ ಈ ಆಟ ಹಿಡಿದುಕೊಂಡಿತು.

ತೋಟಾ ಅಂದರೆ ಹಿತ್ತಾಳೆ ಕೇಸು, ಒಳಗಿನ ಮದ್ದು, ಅದನ್ನು ಹೊತ್ತಿಸುವ ಬುಡದ ಪ್ರೈಮರ್, ತುದಿಯ ಗುಂಡು ಎಲ್ಲ ಸೇರಿದ್ದು. ನಾನು ಶುರು ಮಾಡಿದ್ದು 6 ಎಂಎಂ ಬಿಆರ್ (ಬೆಂಚ್‌ರೆಸ್ಟ್) ಅನ್ನುವ ತೋಟಾದಿಂದ. ಚಿಕ್ಕದು, ಬಹಳ ನಂಬಿಕಸ್ಥ ತೋಟಾ. ಆದರೆ 105 ಗ್ರೇನ್ (ಸುಮಾರು 7 ಗ್ರಾಂ) ತೂಕದ ಉದ್ದ ಗುಂಡಿಗೆ ಸೆಕೆಂಡಿಗೆ 2,850 ಅಡಿ ದಾಟಿಸಲು ಹೋದರೆ ನನ್ನ ಕೋವಿಯಲ್ಲಿ ಬೋಲ್ಟ್, ಅಂದರೆ ತೋಟಾದ ಹಿಂದೆ ಮುಚ್ಚುವ ಅಗುಳಿ, ಎತ್ತುವುದೇ ಕಷ್ಟವಾಗುತ್ತಿತ್ತು. ಒತ್ತಡ ಮಿತಿ ಮುಟ್ಟಿದೆ ಅನ್ನುವುದಕ್ಕೆ ಅದು ಸೂಚನೆ. ನನಗೆ ಇನ್ನೊಂದು ನೂರು ಅಡಿ ವೇಗ ಬೇಕಿತ್ತು. ಗಂಟೆಗೆ 10 ಮೈಲಿಯ ಅಡ್ಡಗಾಳಿ ಈ ಗುಂಡನ್ನು ಸಾವಿರ ಗಜದಲ್ಲಿ ಸುಮಾರು ಆರು ಅಡಿ ಪಕ್ಕಕ್ಕೆ ತಳ್ಳುತ್ತದೆ. ಅದರಲ್ಲಿ ನಾಲ್ಕು ಇಂಚು ಉಳಿದರೂ ದೊಡ್ಡದೇ, ಅಲ್ವಾ?

ಹಾಗಾಗಿ ವೈಲ್ಡ್‌ಕ್ಯಾಟ್ ಮಾಡುವ ಯೋಚನೆ ಬಂತು. ವೈಲ್ಡ್‌ಕ್ಯಾಟ್ ಅಂದರೆ ಕಂಪನಿಗಳು ತಯಾರಿಸಿ ಮಾರದ ತೋಟಾ. ಇರುವ ತೋಟಾದ ಹಿತ್ತಾಳೆ ಕೇಸಿನ ಆಕಾರ ಬದಲಿಸಿ, ಅದಕ್ಕೆ ತಕ್ಕಂತೆ ನಳಿಗೆಯಲ್ಲಿ ತೋಟಾ ಕೂರುವ ಜಾಗ, ಅಂದರೆ ಚೇಂಬರ್, ಕೊರೆಸಿಕೊಳ್ಳುವುದು. ಈ ಆಟದ ಮೂಲವೇ ಅದು. ಹತ್ತಿರದ ದೂರಕ್ಕೆ ಹೆಸರಾದ 6 ಪಿಪಿಸಿ ತೋಟಾವನ್ನು 1970ರ ದಶಕದಲ್ಲಿ ಪಾಲ್ಮಿಸಾನೊ ಮತ್ತು ಪಿಂಡೆಲ್ ಅನ್ನುವ ಇಬ್ಬರು ಸೇರಿ .220 ರಷ್ಯನ್ ಅನ್ನುವ ತೋಟಾದ ಕೇಸಿನಿಂದ ಮಾಡಿದ್ದರು. ಬಿಆರ್ ಕೇಸಿನಿಂದಲೇ ಹುಟ್ಟಿದ ಡ್ಯಾಶರ್ ತೋಟಾ ಕೂಡ ಹೀಗೇ ಶುರುವಾದದ್ದು.

ಹೊಸ ಕೇಸಿಗೆ ನಾನು ಬರೆದ ಮೊದಲ ಚಿತ್ರದಲ್ಲಿ ಆಸೆ ಜಾಸ್ತಿಯಾಯಿತು. ಕೇಸಿನ ದಪ್ಪ ಮೈ ಗುಂಡು ಹಿಡಿಯುವ ಸಣ್ಣ ಕುತ್ತಿಗೆಗೆ ಇಳಿಯುವ ಭಾಗಕ್ಕೆ ಭುಜ ಅನ್ನುತ್ತಾರೆ. ಅದನ್ನು ಮುಂದಕ್ಕೆ ತಳ್ಳಿ, 30 ಡಿಗ್ರಿ ಇದ್ದ ಇಳಿಜಾರನ್ನು 40 ಮಾಡಿದೆ. ಹೊಸ ಚೇಂಬರ್‌ನಲ್ಲಿ ಹಳೆಯ ಕೇಸು ಇಟ್ಟು ಹೊಡೆದರೆ ಒಳಗಿನ ಒತ್ತಡಕ್ಕೆ ಹಿತ್ತಾಳೆ ಉಬ್ಬಿ ಹೊಸ ಆಕಾರ ಪಡೆಯುತ್ತದೆ. ಇದಕ್ಕೆ ಫೈರ್‌ಫಾರ್ಮಿಂಗ್ ಅನ್ನುತ್ತಾರೆ. ಆದರೆ ಭುಜ ಮುಂದೆ ಹೋಗಿದ್ದರಿಂದ ಕೇಸನ್ನು ಹಿಂದಕ್ಕೆ ಒತ್ತಿ ಹಿಡಿಯಲು ಏನೂ ಇರಲಿಲ್ಲ. ಗುಂಡನ್ನು ಉದ್ದಕ್ಕೆ ಕೂರಿಸಿ, ನಳಿಗೆಯೊಳಗಿನ ಸುರುಳಿ ಗೀರುಗಳಿಗೆ ಒತ್ತಿಸಿ ಹಿಡಿಸಬಹುದು ಅಂದುಕೊಂಡೆ. ಸಾಕಷ್ಟು ಒತ್ತಿರಲಿಲ್ಲ. ಫೈರಿಂಗ್ ಪಿನ್ ಹೊಡೆದಾಗ ಕೇಸು ಮುಂದಕ್ಕೆ ಜಾರುತ್ತಿತ್ತು, ಗೋಡೆ ಚೇಂಬರಿಗೆ ಅಂಟುತ್ತಿತ್ತು, ಬುಡ ಮಾತ್ರ ಹಿಂದಕ್ಕೆ ಎಳೆಯುತ್ತಿತ್ತು.

ಎರಡನೇ ಸುತ್ತಿನ ನಂತರ ಕೆಲವು ಕೇಸುಗಳ ಬುಡದ ಸ್ವಲ್ಪ ಮೇಲೆ ಹೊಳೆಯುವ ಒಂದು ಉಂಗುರ ಕಂಡಿತು. ಪೇಪರ್ ಕ್ಲಿಪ್ಪಿನ ತುದಿ ಬಗ್ಗಿಸಿ ಒಳಗೆ ಬಿಟ್ಟು ಗೋಡೆಯ ಮೇಲೆ ಎಳೆದೆ. ಉಂಗುರದ ಜಾಗದಲ್ಲಿ ತುದಿ ಒಂದು ಗುಳಿಯಲ್ಲಿ ಸಿಕ್ಕಿಬಿದ್ದಿತು. ಹಿತ್ತಾಳೆ ಅಲ್ಲಿ ತೆಳುವಾಗಿತ್ತು. ಇನ್ನೆರಡು ಸಲ ಹೊಡೆದಿದ್ದರೆ ಕೇಸು ಎರಡು ತುಂಡಾಗಿ, ಬಿಸಿ ಗ್ಯಾಸು ನನ್ನ ಮುಖದ ಕಡೆಗೇ ಬರಬಹುದಿತ್ತು. ನಲವತ್ತು ಕೇಸುಗಳನ್ನೂ ಇಕ್ಕಳದಲ್ಲಿ ಚಪ್ಪಟೆ ಮಾಡಿ ಎಸೆದೆ. ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಎರಡನೇ ಚಿತ್ರದಲ್ಲಿ ಕುತ್ತಿಗೆ ಮತ್ತು ಭುಜ ಸೇರುವ ಜಾಗವನ್ನು ಬಿಆರ್‌ನಲ್ಲಿ ಇದ್ದಲ್ಲೇ ಬಿಟ್ಟೆ. ಭುಜದ ಕೋನ 40 ಡಿಗ್ರಿ, ಗೋಡೆಯ ಓರೆ ಕಡಿಮೆ, ಅಷ್ಟೇ. ಈಗ ಬೋಲ್ಟ್ ಮುಚ್ಚುವಾಗ ಆ ಸೇರುವ ಜಾಗವೇ ಚೇಂಬರಿಗೆ ಚೂರು ಒತ್ತಿ ಕೇಸನ್ನು ಹಿಂದೆ ಹಿಡಿಯುತ್ತದೆ. ಮದ್ದಿಗೆ ಸಿಗುವ ಜಾಗ ಮೊದಲ ಚಿತ್ರಕ್ಕಿಂತ ಕಡಿಮೆ. ಆದರೆ ಉಂಗುರ ಮತ್ತೆ ಕಾಣಲಿಲ್ಲ. ಚಿತ್ರ ನೋಡಿದ ಗನ್‌ಸ್ಮಿತ್, ಇದರ ಹತ್ತಿರ ಹತ್ತಿರದ್ದನ್ನು ಬೇರೆಯವರೂ ಮಾಡಿದ್ದಾರೆ ಅಂದರು. ನನಗೆ ಅದರಿಂದ ಧೈರ್ಯವೇ ಬಂತು.

ಚೇಂಬರ್ ಕೊರೆಯುವ ರೀಮರ್ ಮಾಡಿಸಲು ಮದ್ದೂ ಪ್ರೈಮರೂ ಇಲ್ಲದ ಒಂದು ಡಮ್ಮಿ ತೋಟಾ ಕಳಿಸಿದೆ. ಇದು ಯಾರೂ ಬಿಡಬಾರದ ಹೆಜ್ಜೆ. ಗುಂಡಿನ ಹಿಂಭಾಗ ಕುತ್ತಿಗೆಯ ಬುಡಕ್ಕಿಂತ ಮೇಲೆಯೇ ನಿಲ್ಲಬೇಕು. ಆ ಬುಡದಲ್ಲಿ ಕ್ರಮೇಣ ಹಿತ್ತಾಳೆ ದಪ್ಪಗಟ್ಟಿ ಬಳೆಯಂತೆ ಆಗುತ್ತದೆ. ಗುಂಡು ಅದರೊಳಗೆ ಕೂತರೆ ಒಂದೊಂದು ತೋಟಾ ಒಂದೊಂದು ಥರ ಬಿಗಿಯುತ್ತದೆ. ಹಾಗಾಗಿ ಚೇಂಬರಿನ ಮುಂದೆ ಗೀರುಗಳು ಶುರುವಾಗುವ ತನಕದ ಜಾಗವನ್ನು ಆ ಗುಂಡಿಗೆ ಎಷ್ಟು ಬೇಕೋ ಅಷ್ಟೇ ಉದ್ದ ಬಿಡಿಸಿದೆ. ಕುತ್ತಿಗೆಗೂ ಚೇಂಬರಿಗೂ ನಡುವೆ ಒಟ್ಟು 0.003 ಇಂಚು ಸಡಿಲ ಇಟ್ಟೆವು.

ಫೈರ್‌ಫಾರ್ಮಿಂಗನ್ನು ಹೊಸ ನಳಿಗೆಯಲ್ಲಿ ಮಾಡಲಿಲ್ಲ. ಹಳೆಯ ನಳಿಗೆಗೆ ಅದೇ ರೀಮರ್ ಓಡಿಸಿ, ಅದರಲ್ಲೇ ಎರಡು ನೂರು ಕೇಸು ಉಬ್ಬಿಸಿದೆ. ಸ್ಪರ್ಧೆಯ ನಳಿಗೆಯ ಆಯಸ್ಸನ್ನು ಸುಮ್ನೆ ಯಾಕೆ ಸವೆಸುವುದು?

ಮದ್ದಿನ ತೂಕ ಇಲ್ಲಿ ಬರೆಯುವುದಿಲ್ಲ. ವೈಲ್ಡ್‌ಕ್ಯಾಟಿಗೆ ಕಂಪನಿಯವರು ಪರೀಕ್ಷಿಸಿದ ಒತ್ತಡದ ಪಟ್ಟಿ ಇರುವುದಿಲ್ಲ. ನನ್ನ ಚೇಂಬರಿಗೆ ಸರಿಯಾದದ್ದು ಇನ್ನೊಂದರಲ್ಲಿ ಅಪಾಯ ಆಗಬಹುದು. ಭಾರತದಲ್ಲಿ ಇರುವವರು ಇನ್ನೊಂದು ತಿಳಿದಿರಲಿ: ಅಲ್ಲಿ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು ಅಪರಾಧ. ನಾನು ಮಾಡಿದ್ದು ಇಷ್ಟು: ಮಾಮೂಲಿ ಬಿಆರ್‌ನ ಪ್ರಕಟಿತ ಕನಿಷ್ಠ ತೂಕದಿಂದ ಶುರು ಮಾಡಿ, ಒಂದೊಂದೇ ಮೆಟ್ಟಿಲು ಏರಿದೆ. ಪ್ರತಿ ಈಡಿನ ನಂತರ ಪ್ರೈಮರ್ ಚಪ್ಪಟೆಯಾಯಿತಾ, ಬೋಲ್ಟ್ ಬಿಗಿಯಾಯಿತಾ ನೋಡಿದೆ. ಕೇಸಿನ ಬುಡದ ಅಳತೆಯನ್ನೂ ಬರೆದಿಟ್ಟೆ.

ಆಮೇಲಿನ ಕೆಲಸ ನನಗೆ ಅತಿ ಪ್ರೀತಿಯದು. ಗುಂಡುಗಳ ಮೂತಿಗೆ ಬೇರೆ ಬೇರೆ ಬಣ್ಣದ ಮಾರ್ಕರ್ ಹಚ್ಚುತ್ತೇವೆ. ಕಾಗದದ ತೂತಿನ ಅಂಚಿನಲ್ಲಿ ಆ ಬಣ್ಣ ಉಳಿಯುತ್ತದೆ. ಯಾವ ತೂಕದ ಈಡು ಎಲ್ಲಿ ಬಿತ್ತು ಅನ್ನುವುದು ಹಾಗೆ ಗೊತ್ತಾಗುತ್ತದೆ. ಪಕ್ಕಕ್ಕೆ ಚದುರಿದ್ದನ್ನು ಗಾಳಿಯ ಲೆಕ್ಕಕ್ಕೆ ಬಿಟ್ಟು, ಮೇಲೆ ಕೆಳಗೆ ಆದದ್ದನ್ನು ಮಾತ್ರ ನೋಡಿದೆ. ವೇಗ 10 ಅಡಿ ಹೆಚ್ಚು ಕಡಿಮೆಯಾದರೆ ಸಾವಿರ ಗಜದಲ್ಲಿ ಎತ್ತರ ಎರಡೂವರೆ ಇಂಚಿನಷ್ಟು ಬದಲಾಗುತ್ತದೆ. ಒಂದು ಕಡೆ ನೀಲಿ, ಹಸಿರು, ಕೆಂಪು ಮೂರೂ ಒಂದೇ ಎತ್ತರದಲ್ಲಿ ಬಿದ್ದಿದ್ದವು. ನಡುವಿನ ತೂಕ ಹಿಡಿದೆ. ವೇಗ 2,940 ಬಂತು, ಬೋಲ್ಟ್ ಹಗುರವಾಗಿ ಎದ್ದಿತು. ಇನ್ನೂ ಮೇಲೆ ಹೋಗಬಹುದಿತ್ತು, ಹೋಗಲಿಲ್ಲ. ಗುಂಡು ಕೂರಿಸುವ ಆಳವನ್ನು 0.003 ಇಂಚಿನ ಹೆಜ್ಜೆಯಲ್ಲಿ ಬದಲಿಸಿ ನೋಡಿದೆ. ಕುತ್ತಿಗೆಯ ಬಿಗಿ ಒಂದೇ ಥರ ಇರಲಿ ಅಂತ ಪ್ರತಿ ಸಲವೂ ಅದನ್ನು ಕಾಯಿಸಿ ಮೆದು ಮಾಡುತ್ತೇನೆ.

ಈ ಬೇಸಿಗೆಯ ಒಂದು ಬೆಳಗ್ಗೆ 17 ಪೌಂಡಿನ ಲೈಟ್ ಗನ್, ಅಂದರೆ ಹಗುರ ವರ್ಗದ ಕೋವಿಯಲ್ಲಿ ಐದು ಈಡು ನಾಲ್ಕೂಕಾಲು ಇಂಚಿನೊಳಗೆ ಬಿದ್ದವು. ಎತ್ತರದ ವ್ಯತ್ಯಾಸ ಎರಡು ಇಂಚು ಮಾತ್ರ. ಉಳಿದದ್ದು ಗಾಳಿ. ಊರಿಗೆ ಫೋನ್ ಮಾಡಿ ಹೇಳಿದೆ. ಅಪ್ಪ ಗುಂಪಿನ ಅಳತೆ ಕೇಳಲಿಲ್ಲ. "ಕೊನೇ ಈಡಿಗೆ ಗಾಳಿ ಯಾವ ಕಡೆಯಿಂದ ಇತ್ತು ಮಗಾ?" ಅಂದರು. ಎಡದಿಂದ, ಅಂದೆ. ನಾನು ಕಾಯಬೇಕಿತ್ತು, ಕಾದಿರಲಿಲ್ಲ. ಮುಂದಿನ ತಿಂಗಳು ಅದೇ ರೀಮರ್‌ನಿಂದ ಎರಡನೇ ನಳಿಗೆ ಕೊರೆಸುತ್ತಿದ್ದೇನೆ.